ಕೀಲಿಮಣೆಯ ಕಾಲುದಾರಿಗಳು

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನಲ್ಲಿ ಅಬಲೂರು ಎಂಬ ಗ್ರಾಮವಿದೆ. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನೆಂಬ ಶಿವಭಕ್ತನ ಕಥೆಯನ್ನು ತಿಳಿಸುವ ಶಿಲಾಶಾಸನವೊಂದುಂಟು. ತ್ರಿಪದಿಗಳ ಕವಿ ಸರ್ವಜ್ಞನ ಹೆಸರನ್ನೂ ಜನರು ಈ ಊರಿನೊಂದಿಗೆ ಸೇರಿಸಿ ಹೇಳುತ್ತಾರೆ. ಶಾಸನವನ್ನು ಕಂಡರಿಸುವವನಿಗೆ ಎರಡು ಕಷ್ಟಗಳಿದ್ದುವು. ತಪ್ಪಿ ಕೊರೆದ ಅಕ್ಷರವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ; ಇದು ಮೊದಲನೆಯದು. ಒಂದೇ ಪದವು ಹತ್ತು ಸಲ ಬಂದರೆ ಹತ್ತು ಸಲವೂ ಅದನ್ನು ಹೊಸದಾಗಿಯೇ ಕೊರೆಯಬೇಕಾಗಿತ್ತು; ಇದು ಎರಡನೆಯದು. ತಾಳೆಗರಿಯ ಮೇಲೆ ಕಂಠದಿಂದ ಬರೆದವನಿಗೂ, ತರುವಾಯದ ಕಾಲದಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತವನಿಗೂ ಈ ಕಷ್ಟಗಳು ಪೂರ್ತಿಯಾಗಿ ತಪ್ಪಲಿಲ್ಲ.

ಕಂಪ್ಯೂಟರ್ ಈ ಎರಡನ್ನೂ ಪರಿಹರಿಸಿದೆ. ಆದರೆ ನಮ್ಮಲ್ಲಿ ಅನೇಕರು ಕಂಪ್ಯೂಟರನ್ನು ಇನ್ನೂ ಬೆರಳಚ್ಚು ಯಂತ್ರದಂತೆಯೇ ಬಳಸುತ್ತಾರೆ. ಪ್ರತಿಯೊಂದು ಸಣ್ಣ ಕೆಲಸಕ್ಕೂ ಕೀಲಿಮಣೆಯಿಂದ ಕೈ ತೆಗೆದು, ಮೌಸನ್ನು ಹಿಡಿದು, ಪರದೆಯ ಮೇಲಣ ಪಟ್ಟಿಯನ್ನು ತೆರೆದು, ಬೇಕಾದ ಸಾಲನ್ನು ಹುಡುಕಿ ಒತ್ತುತ್ತಾರೆ. ಇದೇ ಕೆಲಸವನ್ನು ಎರಡು ಕೀಲಿಗಳನ್ನು ಕೂಡಿಸಿ ಒತ್ತುವುದರಿಂದ ಮಾಡಬಹುದು. ಇಂಥ ಜೋಡಿ ಒತ್ತುಗಳಿಗೆ ಇಂಗ್ಲಿಷಿನಲ್ಲಿ ‘ಶಾರ್ಟ್‌ಕಟ್’ ಎನ್ನುತ್ತಾರೆ. ಅಡ್ಡದಾರಿ ಎಂದರೆ ನಮ್ಮಲ್ಲಿ ಒಳ್ಳೆಯ ಅರ್ಥವಿಲ್ಲ. ಆದಕಾರಣ ನಾವು ಇವನ್ನು ಕಾಲುದಾರಿಗಳೆಂದು ಕರೆಯೋಣ. ಊರಿಗೆ ಹೊಸಬನಾದವನು ಬಂಡಿಯ ದಾರಿಯನ್ನು ಹಿಡಿದು ಸುತ್ತಿ ಬರುತ್ತಾನೆ. ಊರವನು ಹೊಲದ ಬದುವಿನ ಮೇಲಣ ಕಾಲುದಾರಿಯಲ್ಲಿ ನೇರವಾಗಿ ಬರುತ್ತಾನೆ. ತಲಪುವ ಸ್ಥಳ ಒಂದೇ. ಈ ಕಾಲುದಾರಿಗಳಿಂದ ನಿಜವಾಗಿ ಎಷ್ಟು ಲಾಭ, ಅವು ಹೇಗೆ ಹುಟ್ಟಿದುವು, ಕನ್ನಡಕ್ಕೂ ಅವಕ್ಕೂ ಏನು ಸಂಬಂಧ, ಅವನ್ನು ಕಲಿಯುವ ಕ್ರಮವೇನು ಎಂಬುದನ್ನು ಈಗ ವಿಚಾರ ಮಾಡೋಣ.

ಲಾಭವನ್ನು ಅಳೆಯುವ ಬಗೆ

ಯಾವ ವಿಷಯವನ್ನಾಗಲಿ ಅಳೆದು ನೋಡದೆ ಒಪ್ಪಬಾರದೆಂಬುದು ವಿಜ್ಞಾನದ ಮೊದಲ ಪಾಠ. 1980ರಲ್ಲಿ ಅಮೆರಿಕದ ಕಾರ್ಡ್, ಮೊರಾನ್ ಮತ್ತು ನ್ಯೂಯೆಲ್ ಎಂಬ ಮೂವರು ಸಂಶೋಧಕರು ಕಂಪ್ಯೂಟರಿನ ಮುಂದೆ ಕುಳಿತವರ ಚಲನೆಗಳನ್ನು ಬಿಡಿಬಿಡಿಯಾಗಿ ಅಳೆದು ಒಂದು ಲೆಕ್ಕದ ಕ್ರಮವನ್ನು ಪ್ರಕಟಿಸಿದರು. ಅದರ ಪ್ರಕಾರ ಸಾಧಾರಣ ಅಭ್ಯಾಸವುಳ್ಳವನು ಒಂದು ಕೀಲಿಯನ್ನು ಒತ್ತಲು ಸುಮಾರು 0.28 ಸೆಕೆಂಡು ಬೇಕು. ಕೀಲಿಮಣೆಯಿಂದ ಮೌಸಿಗೆ, ಇಲ್ಲವೆ ಮೌಸಿನಿಂದ ಕೀಲಿಮಣೆಗೆ ಕೈಯನ್ನು ಒಯ್ಯಲು 0.4 ಸೆಕೆಂಡು. ಪರದೆಯ ಮೇಲಣ ಒಂದು ಗುರಿಗೆ ಮೌಸಿನ ಬಾಣವನ್ನು ತಲಪಿಸಲು 1.1 ಸೆಕೆಂಡು. ಮುಂದೇನು ಮಾಡಬೇಕೆಂದು ಮನಸ್ಸು ಅಣಿಯಾಗಲು 1.35 ಸೆಕೆಂಡು.

ಈ ಲೆಕ್ಕವನ್ನು ಒಂದು ಉದಾಹರಣೆಗೆ ಅನ್ವಯಿಸೋಣ. ಅಬಲೂರಿನ ವಿದ್ಯಾರ್ಥಿಯೊಬ್ಬನು ಸರ್ವಜ್ಞನ ನೂರು ತ್ರಿಪದಿಗಳನ್ನು ಕಂಪ್ಯೂಟರಿನಲ್ಲಿ ಬರೆದಿಡಲು ಕುಳಿತಿದ್ದಾನೆಂದು ಭಾವಿಸಿರಿ. ತ್ರಿಪದಿಗಳ ಕೊನೆಯಲ್ಲಿ ‘ಸರ್ವಜ್ಞ’ ಎಂಬ ಅಂಕಿತ ಬರುತ್ತದೆ. ಮುಂದೆ ವಿವರಿಸಲಿರುವ ಕನ್ನಡ ಕೀಲಿಮಣೆಯಲ್ಲಿ ಈ ಪದಕ್ಕೆ ಏಳು ಒತ್ತುಗಳು ಬೇಕು. ಹಾಗಾದರೆ ಒಂದು ಸಲ ಬರೆಯಲು 1.96 ಸೆಕೆಂಡು, ನೂರು ಸಲಕ್ಕೆ 196 ಸೆಕೆಂಡು.

ಈಗ ಅದೇ ಪದವನ್ನು ಒಮ್ಮೆ ಮಾತ್ರ ಬರೆದು, ಅದನ್ನು ನಕಲು ಮಾಡಿ, ಉಳಿದ ಕಡೆಗಳಲ್ಲಿ ಅಂಟಿಸುತ್ತ ಹೋಗುವನೆಂದುಕೊಳ್ಳೋಣ. ಮೌಸಿನ ದಾರಿಯಲ್ಲಿ ಹೋದರೆ ಕೈಯನ್ನು ಒಯ್ಯುವುದಕ್ಕೆ 0.4, ಪಟ್ಟಿಯ ತಲೆಗೆ ಬಾಣವನ್ನು ತರಲು 1.1, ಒತ್ತಲು 0.28, ‘ಅಂಟಿಸು’ ಎಂಬ ಸಾಲಿಗೆ ತರಲು 1.1, ಒತ್ತಲು 0.28, ಕೈಯನ್ನು ಮರಳಿ ಕೀಲಿಮಣೆಗೆ ತರಲು 0.4, ಒಟ್ಟು 3.56 ಸೆಕೆಂಡು. ನೂರು ಸಲಕ್ಕೆ 356 ಸೆಕೆಂಡು. ಮೂರನೆಯ ಬಗೆ ಎಂದರೆ ಕಂಟ್ರೋಲ್ ಕೀಲಿಯನ್ನು ಅದುಮಿಕೊಂಡು ‘ವಿ’ ಕೀಲಿಯನ್ನು ಒತ್ತುವುದು. ಎರಡೇ ಒತ್ತು, 0.56 ಸೆಕೆಂಡು. ನೂರು ಸಲಕ್ಕೆ 56 ಸೆಕೆಂಡು.

ಈ ಫಲಿತಾಂಶದಲ್ಲಿ ಒಂದು ಸ್ವಾರಸ್ಯವಿದೆ. ಮೌಸಿನಿಂದ ಅಂಟಿಸುವುದು ಆ ಪದವನ್ನು ಪುನಃ ಪುನಃ ಬರೆಯುವುದಕ್ಕಿಂತಲೂ ನಿಧಾನ! ಯಂತ್ರವು ಕೊಟ್ಟ ಸೌಕರ್ಯವನ್ನು ಸುತ್ತುದಾರಿಯು ನುಂಗಿಹಾಕಿತು. ಕಾಲುದಾರಿಯಾದರೋ ಐದು ನಿಮಿಷಗಳ ಉಳಿತಾಯವನ್ನು ತಂದಿತು. ಇವು ಅಂದಾಜಿನ ಸಂಖ್ಯೆಗಳು; ಹೊಸದಾಗಿ ಕಲಿಯುವವನ ಬೆರಳು ಇನ್ನೂ ನಿಧಾನವಾಗಿರಬಹುದು. ಆದರೆ ಹೋಲಿಕೆಯ ಕ್ರಮ ತಪ್ಪುವುದಿಲ್ಲ.

ಐದು ನಿಮಿಷ ಯಾವ ಮಹಾ ಲಾಭವೆಂದು ಕೆಲವರು ಕೇಳಬಹುದು. ಒಂದೇ ಕಂಪ್ಯೂಟರನ್ನು ಹಲವರು ಸರದಿಯಂತೆ ಬಳಸಬೇಕಾದ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಗೆ ದೊರೆಯುವುದು ವಾರಕ್ಕೆ ಕೆಲವೇ ನಿಮಿಷಗಳು. ಅವನಿಗೆ ಐದು ನಿಮಿಷವೆಂದರೆ ಅವನ ಪಾಲಿನಲ್ಲಿ ದೊಡ್ಡ ಭಾಗ. ಮೇಲಾಗಿ, ಕಾಲಕ್ಕಿಂತ ಮುಖ್ಯವಾದುದು ಗಮನ. ಬರೆಯುವವನ ಕಣ್ಣು ವಾಕ್ಯದಿಂದ ಎದ್ದು ಪರದೆಯ ಮೂಲೆಗೆ ಹೋಗಿ ಬರುವಷ್ಟರಲ್ಲಿ ಮನಸ್ಸಿನಲ್ಲಿದ್ದ ಮುಂದಿನ ಮಾತು ಜಾರಿಹೋಗುವುದುಂಟು. ಕೈ ತಾನಾಗಿ ಕೆಲಸ ಮಾಡಿದರೆ ಮನಸ್ಸು ವಿಷಯದ ಮೇಲೆಯೇ ನಿಲ್ಲುತ್ತದೆ. ಕಾಲುದಾರಿಗಳ ನಿಜವಾದ ಲಾಭವು ಇದೇ.

ಕಂಟ್ರೋಲ್ ಕೀಲಿಯ ವೃತ್ತಾಂತ

ಕಂಟ್ರೋಲ್ ಎಂದರೆ ನಿಯಂತ್ರಣ. ಈ ಕೀಲಿಯು ಏನನ್ನು ನಿಯಂತ್ರಿಸುತ್ತಿತ್ತು? ಇದರ ಹಿನ್ನೆಲೆ ದೂರಮುದ್ರಕದಲ್ಲಿದೆ. ತಂತಿಯ ಮೂಲಕ ಬಂದ ಸುದ್ದಿಯನ್ನು ತಾನಾಗಿಯೇ ಅಚ್ಚುಮಾಡುವ ಯಂತ್ರಕ್ಕೆ ದೂರಮುದ್ರಕ ಅಥವಾ ಟೆಲಿಪ್ರಿಂಟರ್ ಎಂದು ಹೆಸರು. ತಂತಿಯಲ್ಲಿ ಹೋಗುವುದು ಅಕ್ಷರವಲ್ಲ, ಸಂಖ್ಯೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ನಿಶ್ಚಯಿಸುವ ‘ಆಸ್ಕಿ’ ಎಂಬ ಸಂಕೇತಾವಳಿಯು ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾಯಿತು. ಅದರಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ 65, ‘ಬಿ’ ಅಕ್ಷರಕ್ಕೆ 66, ಹೀಗೆ ‘ಝಡ್’ ಅಕ್ಷರಕ್ಕೆ 90 ಎಂದು ಗೊತ್ತುಮಾಡಿದರು. ಮೊದಲಿನ 32 ಸಂಖ್ಯೆಗಳನ್ನು, ಎಂದರೆ 0 ಮೊದಲ್ಗೊಂಡು 31ರ ವರೆಗಿನವನ್ನು, ಅಕ್ಷರಗಳಿಗೆ ಕೊಡದೆ ಯಂತ್ರಕ್ಕೆ ಆಜ್ಞೆಗಳಾಗಿ ಮೀಸಲಿಟ್ಟರು.

ಕಂಟ್ರೋಲ್ ಕೀಲಿಯನ್ನು ಅದುಮಿ ಅಕ್ಷರವನ್ನು ಒತ್ತಿದರೆ ಆ ಅಕ್ಷರದ ಸಂಖ್ಯೆಯಲ್ಲಿ 64 ಕಡಮೆಯಾಗುತ್ತಿತ್ತು. ‘ಜಿ’ ಅಕ್ಷರದ ಸಂಖ್ಯೆ 71. ಅದರಿಂದ 64 ಕಳೆದರೆ 7. ಏಳನೆಯ ಆಜ್ಞೆ ಎಂದರೆ ಗಂಟೆ ಬಾರಿಸುವುದು. ದೂರದ ಊರಿನ ಯಂತ್ರದಲ್ಲಿ ಗಂಟೆ ಕೇಳಿಸುತ್ತಿತ್ತು. ‘ಎಂ’ ಅಕ್ಷರದ ಸಂಖ್ಯೆ 77. 64 ಕಳೆದರೆ 13. ಅದು ಮುದ್ರಕವನ್ನು ಸಾಲಿನ ಆರಂಭಕ್ಕೆ ಮರಳಿಸುವ ಆಜ್ಞೆ. ಹೀಗೆ ಅಕ್ಷರವೊಂದನ್ನು ಆಜ್ಞೆಯಾಗಿ ಮಾರ್ಪಡಿಸುವ ಕೀಲಿಯೇ ಕಂಟ್ರೋಲ್.

ಇಂದಿನ ಕೀಲಿಮಣೆಯ ಒಳಗಣ ಕ್ರಮ ಬೇರೆ. ಯಾವ ಕೀಲಿಯನ್ನು ಒತ್ತಿದೆವು, ಯಾವಾಗ ಬಿಟ್ಟೆವು ಎಂಬ ಎರಡನ್ನೂ ಅದು ಕಂಪ್ಯೂಟರಿಗೆ ತಿಳಿಸುತ್ತದೆ. ಕಂಟ್ರೋಲನ್ನು ಒತ್ತಿದ ಸುದ್ದಿ ಬಂದು ಬಿಟ್ಟ ಸುದ್ದಿ ಬಾರದಿರುವಾಗ ‘ವಿ’ ಕೀಲಿಯ ಸುದ್ದಿ ಬಂದರೆ, ಅದು ಅಕ್ಷರವಲ್ಲ, ಆಜ್ಞೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಆದುದರಿಂದ ಎರಡು ಕೀಲಿಗಳನ್ನು ಒಂದೇ ಕ್ಷಣದಲ್ಲಿ ಕುಟ್ಟಬೇಕಾಗಿಲ್ಲ. ಕಂಟ್ರೋಲನ್ನು ಮೊದಲು ಅದುಮಿ, ಅದನ್ನು ಬಿಡದೆ ಎರಡನೆಯದನ್ನು ಮೆಲ್ಲನೆ ಒತ್ತಿದರೆ ಸಾಕು.

ನೆರೆಹೊರೆಯ ನಾಲ್ಕು ಕೀಲಿಗಳು

ಕತ್ತರಿಸುವುದು, ನಕಲು ಮಾಡುವುದು, ಅಂಟಿಸುವುದು ಎಂಬ ಮಾತುಗಳು ಹಳೆಯ ಮುದ್ರಣಾಲಯಗಳಿಂದ ಬಂದವು. ಸಂಪಾದಕರು ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಬೇರೆ ಕಡೆಯಲ್ಲಿ ಅಂಟಿನಿಂದ ಅಂಟಿಸುತ್ತಿದ್ದರು. ಈ ಕ್ರಿಯೆಯನ್ನು ಇಂದಿನ ರೂಪದಲ್ಲಿ ಕಂಪ್ಯೂಟರಿಗೆ ತಂದವರಲ್ಲಿ ಲ್ಯಾರಿ ಟೆಸ್ಲರ್ ಪ್ರಮುಖರು. ಅವರು 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಈ ಕೆಲಸವನ್ನು ಮಾಡಿದರು. ತರುವಾಯ ಆಪಲ್ ಸಂಸ್ಥೆಯನ್ನು ಸೇರಿದರು. 1983ರಲ್ಲಿ ಹೊರಬಂದ ಆಪಲ್ ಸಂಸ್ಥೆಯ ‘ಲೀಸಾ’ ಎಂಬ ಕಂಪ್ಯೂಟರಿನಲ್ಲಿ ‘ಝಡ್’, ‘ಎಕ್ಸ್’, ‘ಸಿ’, ‘ವಿ’ ಎಂಬ ನಾಲ್ಕು ಕೀಲಿಗಳಿಗೆ ಈ ಕೆಲಸಗಳನ್ನು ಹಂಚಲಾಯಿತು. ಟೆಸ್ಲರ್ 2020ರಲ್ಲಿ ನಿಧನರಾದರು.

ಈ ನಾಲ್ಕು ಕೀಲಿಗಳು ಕೆಳಗಿನ ಸಾಲಿನಲ್ಲಿ ಎಡಗಡೆಯ ತುದಿಯಲ್ಲಿ ಒಂದರ ಪಕ್ಕದಲ್ಲೊಂದು ಇವೆ. ಎಡಗೈ ಒಂದರಿಂದಲೇ ಅವನ್ನು ಒತ್ತಬಹುದು. ‘ಎಕ್ಸ್’ ಅಕ್ಷರವು ತೆರೆದ ಕತ್ತರಿಯನ್ನು ಹೋಲುತ್ತದೆ, ಅದು ಕತ್ತರಿಸುವುದಕ್ಕೆ. ‘ಸಿ’ ಎಂಬುದು ನಕಲಿನ ಇಂಗ್ಲಿಷ್ ಹೆಸರಾದ ‘ಕಾಪಿ’ಯ ಮೊದಲಕ್ಷರ. ‘ವಿ’ ಅದರ ನೆರೆಯಲ್ಲಿದೆ, ಅದು ಅಂಟಿಸುವುದಕ್ಕೆ. ‘ಝಡ್’ ಮಾಡಿದ್ದನ್ನು ರದ್ದುಪಡಿಸುವುದಕ್ಕೆ.

ರದ್ದತಿಯ ಆಜ್ಞೆಯು ಎಲ್ಲಕ್ಕಿಂತ ಹೆಚ್ಚಿನದೆಂದು ನಾವು ಭಾವಿಸುತ್ತೇವೆ. ಕಂಪ್ಯೂಟರ್ ನೀವು ಮಾಡಿದ ಬದಲಾವಣೆಗಳನ್ನು ಒಂದರ ಮೇಲೊಂದಾಗಿ ಪೇರಿಸಿ ಇಟ್ಟುಕೊಳ್ಳುತ್ತದೆ. ಪೇರಿಸಿದ ಜೋಳದ ರೊಟ್ಟಿಗಳಲ್ಲಿ ಕಡೆಗೆ ಇಟ್ಟದ್ದು ಮೊದಲು ಕೈಗೆ ಬರುವಂತೆ, ಕಂಟ್ರೋಲ್ ಮತ್ತು ‘ಝಡ್’ ಒತ್ತಿದಾಗಲೆಲ್ಲ ಕಡೆಯ ಬದಲಾವಣೆಯು ಮೊದಲು ಹಿಂದೆಗೆಯಲ್ಪಡುತ್ತದೆ. ಅಬಲೂರಿನ ಶಿಲ್ಪಿಗೆ ಇಲ್ಲದಿದ್ದ ಅನುಕೂಲವಿದು. ಕೆಡಿಸಿಬಿಟ್ಟೇನೆಂಬ ಭಯದಿಂದ ಕಂಪ್ಯೂಟರನ್ನು ಮುಟ್ಟಲು ಹಿಂಜರಿಯುವ ವಿದ್ಯಾರ್ಥಿಗೆ ಮೊದಲು ಈ ಒಂದು ಜೋಡಿಯನ್ನು ಕಲಿಸಿದರೆ ಅರ್ಧ ಭಯವು ಹೋಗುತ್ತದೆ. ಆದರೆ ಅಳಿಸಿಹಾಕಿದ ಕಡತ, ಕಳುಹಿಸಿಬಿಟ್ಟ ಪತ್ರ ಮುಂತಾದ ಎಲ್ಲವನ್ನೂ ಇದರಿಂದ ಮರಳಿ ತರಬಹುದೆಂದು ನಂಬಬಾರದು.

ಎಲ್ಲ ಜೋಡಿಗಳನ್ನೂ ಸುಲಭವಾಗಿಯೇ ಇಡಬೇಕೆಂಬ ನಿಯಮವಿಲ್ಲ. ಐ.ಬಿ.ಎಂ. ಸಂಸ್ಥೆಯ ಪಿ.ಸಿ. 1981ರಲ್ಲಿ ಹೊರಬರುವ ಮುನ್ನ ಅದರ ನಿರ್ಮಾಪಕರಲ್ಲಿ ಒಬ್ಬರಾದ ಡೇವಿಡ್ ಬ್ರಾಡ್ಲಿ ಅವರು ಯಂತ್ರವನ್ನು ಪುನಃ ಆರಂಭಿಸಲು ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಆರಿಸಿದರು. ಒಂದೇ ಕೈಯಿಂದ ಅಕಸ್ಮಾತ್ತಾಗಿ ಒತ್ತಲು ಸಾಧ್ಯವಾಗಬಾರದೆಂಬುದೇ ಅವರ ಉದ್ದೇಶ. ಪದೇ ಪದೇ ಬೇಕಾದುದು ಕೈಗೆ ಹತ್ತಿರವಿರಬೇಕು, ಅಪಾಯದ್ದು ದೂರವಿರಬೇಕು. ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿಯನ್ನೂ ಸೀಮೆಎಣ್ಣೆಯ ಸೀಸೆಯನ್ನೂ ಒಂದೇ ಕಡೆ ಇಡುವವರುಂಟೆ?

ಕನ್ನಡದ ಕೀಲಿಮಣೆಯಲ್ಲಿ ಇದೇ ತತ್ತ್ವ

ಕಡಮೆ ಒತ್ತುಗಳಿಂದ ಹೆಚ್ಚು ಕೆಲಸ ಎಂಬ ತತ್ತ್ವವನ್ನು ಕನ್ನಡದ ಬರವಣಿಗೆಗೇ ಅನ್ವಯಿಸಿದವರು ಕೆ. ಪಿ. ರಾವ್. ಇವರ ಪೂರ್ಣ ಹೆಸರು ಕಿನ್ನಿಕಂಬಳ ಪದ್ಮನಾಭ ರಾವ್. ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಅಕ್ಷರರೂಪಗಳು ಸಾವಿರಗಟ್ಟಲೆಯಾಗುತ್ತವೆ. ಇಂಗ್ಲಿಷ್ ಕೀಲಿಮಣೆಯಲ್ಲಿರುವ ಅಕ್ಷರದ ಕೀಲಿಗಳು 26 ಮಾತ್ರ. ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಆಕಾರಗಳನ್ನೇ ತುಂಡುಮಾಡಿ ಕೀಲಿಗಳ ಮೇಲೆ ಹಂಚಬೇಕಾಗಿತ್ತು. ಬರೆಯುವವನು ತುಂಡುಗಳನ್ನು ಜೋಡಿಸಬೇಕಾಗಿತ್ತು. ರಾವ್ ಅವರು ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿದರು. ಕೀಲಿಯು ಧ್ವನಿಯನ್ನು ತಿಳಿಸಲಿ, ಆಕಾರವನ್ನು ಕಂಪ್ಯೂಟರೇ ಕಟ್ಟಲಿ ಎಂಬುದು ಅವರ ವಿನ್ಯಾಸದ ಮೂಲ.

ಈ ವಿನ್ಯಾಸದಲ್ಲಿ ‘ಕೆ’ ಕೀಲಿಯನ್ನು ಒತ್ತಿದರೆ ಕ ಬರುತ್ತದೆ; ಶಿಫ್ಟ್ ಕೀಲಿಯೊಡನೆ ಒತ್ತಿದರೆ ಖ. ‘ಜಿ’ ಕೀಲಿಯಿಂದ ಗ, ಶಿಫ್ಟಿನೊಡನೆ ಘ. ‘ಯು’ ಕೀಲಿಯಿಂದ ಉಕಾರ, ಶಿಫ್ಟಿನೊಡನೆ ಊಕಾರ. ಹೀಗೆ ಅಲ್ಪಪ್ರಾಣ ತಿಳಿದರೆ ಮಹಾಪ್ರಾಣವು, ಹ್ರಸ್ವ ತಿಳಿದರೆ ದೀರ್ಘವು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ಒತ್ತಕ್ಷರ ಬೇಕಾದಲ್ಲಿ ಎರಡು ವ್ಯಂಜನಗಳ ನಡುವೆ ‘ಎಫ್’ ಕೀಲಿಯನ್ನು ಒತ್ತಬೇಕು. ಅದು ಕೊಂಡಿಯಂತೆ ಎರಡನ್ನೂ ಬೆಸೆಯುತ್ತದೆ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಒತ್ತುಗಳು ಸಾಕು. ಡಕಾರಕ್ಕೆ ‘ಡಬ್ಲ್ಯೂ’ ಕೀಲಿಯನ್ನು ಕೊಡಲಾಗಿದೆ. ‘ಅಬಲೂರು’ ಎಂಬುದಕ್ಕೆ ಆರು ಅಕ್ಷರದ ಕೀಲಿಗಳೂ ಊಕಾರಕ್ಕಾಗಿ ಒಂದು ಶಿಫ್ಟೂ ಬೇಕು. ಸಾವಿರಾರು ರೂಪಗಳನ್ನು ಉರುಹೊಡೆಯುವ ಬದಲು ಕೆಲವೇ ನಿಯಮಗಳನ್ನು ಅರಿತರಾಯಿತು.

ರಾವ್ ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗಾಗಿ ‘ಸೇಡಿಯಾಪು’ ಎಂದು ಹೆಸರಿಟ್ಟು ಅದನ್ನು ಉಚಿತವಾಗಿ ಹಂಚಿದರು. ಅವರ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ತಂತ್ರಾಂಶದಲ್ಲಿಯೂ ಅದೇ ಇದೆ. ಕನ್ನಡದಲ್ಲಿ ಬರೆಯುತ್ತಿರುವಾಗಲೂ ಕಂಟ್ರೋಲ್ ಜೋಡಿಗಳು ಸಾಮಾನ್ಯವಾಗಿ ಮೊದಲಿನಂತೆಯೇ ಕೆಲಸ ಮಾಡುತ್ತವೆ. ಅವಕ್ಕಾಗಿ ಇಂಗ್ಲಿಷಿಗೆ ಮರಳಬೇಕಾಗಿಲ್ಲ.

ಕಣ್ಣಿನ ಕೆಲಸವನ್ನು ಬೆರಳು ಮಾಡುವುದು

ನಮಗೆ ಕಾಲುದಾರಿಯಾಗಿರುವುದು ಕೆಲವರಿಗೆ ಇರುವ ಒಂದೇ ಹೆದ್ದಾರಿ. ದೃಷ್ಟಿಯಿಲ್ಲದವರು ಪರದೆಯ ಮೇಲಣ ಬಾಣವನ್ನು ಕಾಣಲಾರರು. ಆದುದರಿಂದ ಮೌಸು ಅವರಿಗೆ ನಿರುಪಯೋಗಿ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಗಳಿವೆ. ಆಸ್ಟ್ರೇಲಿಯದಲ್ಲಿ 2006ರಲ್ಲಿ ಆರಂಭವಾದ ‘ಎನ್‌ವಿಡಿಎ’ ಎಂಬುದು ಉಚಿತವಾಗಿ ದೊರೆಯುತ್ತದೆ. ಅದನ್ನು ನಡೆಸುವುದು ಮುಖ್ಯವಾಗಿ ಕೀಲಿಮಣೆಯ ಒತ್ತುಗಳಿಂದ.

ಹಿರೇಕೆರೂರಿನ ನೆರೆಯ ಹಾನಗಲ್ಲ ತಾಲ್ಲೂಕಿಗೆ ಈ ವಿಷಯದಲ್ಲಿ ವಿಶೇಷ ಸ್ಥಾನವಿದೆ. ಅಂಧರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಹುಟ್ಟಿದ್ದು ಆ ತಾಲ್ಲೂಕಿನಲ್ಲಿ. ಇಬ್ಬರಿಗೂ ದೃಷ್ಟಿಯಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹಾರ್ಮೋನಿಯಂ ಕಲಿಯುವ ಅಂಧ ಬಾಲಕನು ಸ್ವರದ ಮನೆಗಳನ್ನು ಕಣ್ಣಿನಿಂದ ಹುಡುಕುವುದಿಲ್ಲ. ಬೆರಳೇ ಅವನಿಗೆ ಕಣ್ಣು. ಬ್ರೈಲ್ ಲಿಪಿಯನ್ನು ಬರೆಯಲು 1951ರಲ್ಲಿ ಬಂದ ಪರ್ಕಿನ್ಸ್ ಯಂತ್ರದಲ್ಲಿ ಆರು ಚುಕ್ಕೆಗಳಿಗೆ ಆರೇ ಕೀಲಿಗಳು. ಅವುಗಳಲ್ಲಿ ಬೇಕಾದವನ್ನು ಕೂಡಿಸಿ ಒತ್ತುವುದರಿಂದ 63 ಸಂಕೇತಗಳನ್ನು ಬರೆಯಬಹುದು. ಕೀಲಿಗಳನ್ನು ಕೂಡಿಸಿ ಒತ್ತುವ ಉಪಾಯಕ್ಕೆ ಎಷ್ಟು ಶಕ್ತಿಯಿದೆಯೆಂಬುದಕ್ಕೆ ಇದೇ ನಿದರ್ಶನ. ಆದಕಾರಣ ತಂತ್ರಾಂಶವನ್ನು ರಚಿಸುವವರು ಮೌಸಿನಿಂದ ಆಗುವ ಪ್ರತಿಯೊಂದು ಕೆಲಸಕ್ಕೂ ಕೀಲಿಮಣೆಯ ದಾರಿಯೊಂದನ್ನು ಇಡತಕ್ಕದ್ದು. ನಮ್ಮ ಓದುಗರಲ್ಲಿ ಮುಂದೆ ಆ ವೃತ್ತಿಯನ್ನು ಹಿಡಿಯುವವರು ಇದನ್ನು ನೆನಪಿನಲ್ಲಿಡಲಿ.

ಕಲಿಯುವ ಕ್ರಮ

ಇಷ್ಟು ಅನುಕೂಲವಿದ್ದರೂ ಜನರು ಏಕೆ ಇವನ್ನು ಬಳಸುವುದಿಲ್ಲ? 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ವರ್ಷಗಳ ಅನುಭವವಿದ್ದವರಲ್ಲಿಯೂ ಬಹುಮಂದಿ ಮೌಸಿನ ದಾರಿಯನ್ನೇ ಹಿಡಿದಿದ್ದರೆಂದು ಕಂಡುಬಂದಿತು. ಅನುಭವವು ತಾನಾಗಿ ಕಾಲುದಾರಿಯನ್ನು ತೋರಿಸುವುದಿಲ್ಲ. ಬೇಕೆಂದು ಮನಸ್ಸು ಮಾಡಿ ಅಭ್ಯಾಸ ಮಾಡಬೇಕು. ಇನ್ನೊಂದು ಕಡೆ, ಐವತ್ತು ಜೋಡಿಗಳ ಪಟ್ಟಿಯನ್ನು ಒಂದೇ ದಿನ ಬಾಯಿಪಾಠ ಮಾಡುವುದರಿಂದಲೂ ಪ್ರಯೋಜನವಿಲ್ಲ. ಯಾವ ಕೀಲಿಯೆಂದು ನೆನಪು ಮಾಡಿಕೊಳ್ಳಲು ತಡೆದರೆ ಮೇಲೆ ಹೇಳಿದ 1.35 ಸೆಕೆಂಡು ಪ್ರತಿ ಸಲವೂ ಸೇರಿ ಲಾಭದ ಬಹುಭಾಗವನ್ನು ತಿಂದುಹಾಕುತ್ತದೆ. ಜನರು ನಡೆದು ನಡೆದು ಕಾಲುದಾರಿ ಮೂಡುವಂತೆ, ಬೆರಳುಗಳು ಒತ್ತಿ ಒತ್ತಿಯೇ ಈ ದಾರಿ ಮೂಡಬೇಕು.

ವಾರಕ್ಕೆ ಎರಡು ಜೋಡಿಗಳಂತೆ ಕಲಿಯುವುದು ಮೇಲು. ವಿಂಡೋಸ್ ಬಳಸುವ ಕಂಪ್ಯೂಟರುಗಳಿಗೆ ಈ ಕ್ರಮವು ಹೊಂದುತ್ತದೆ. ಆಪಲ್ ಸಂಸ್ಥೆಯ ಕಂಪ್ಯೂಟರುಗಳಲ್ಲಿ ಮೊದಲ ಎರಡು ವಾರಗಳ ಜೋಡಿಗಳಿಗೆ ಕಂಟ್ರೋಲಿನ ಬದಲು ಕಮಾಂಡ್ ಎಂಬ ಕೀಲಿ ಬರುತ್ತದೆ.

ಮೊದಲ ವಾರ: ಕಂಟ್ರೋಲ್ ಮತ್ತು ‘ಝಡ್’, ರದ್ದುಪಡಿಸಲು, ಕಂಟ್ರೋಲ್ ಮತ್ತು ‘ಎಸ್’, ಬರೆದುದನ್ನು ಉಳಿಸಲು. ಹೇಳದೆ ಕೇಳದೆ ವಿದ್ಯುತ್ತು ಹೋಗುವ ಊರುಗಳಲ್ಲಿ ಎರಡನೆಯದು ಪ್ರತಿ ಪ್ಯಾರಾ ಮುಗಿದೊಡನೆ ಕೈಗೆ ಬರಬೇಕು.

ಎರಡನೆಯ ವಾರ: ಕಂಟ್ರೋಲ್ ಮತ್ತು ‘ಸಿ’, ನಕಲಿಗೆ, ಕಂಟ್ರೋಲ್ ಮತ್ತು ‘ವಿ’, ಅಂಟಿಸಲು. ಹೊಸದೊಂದನ್ನು ನಕಲು ಮಾಡಿದೊಡನೆ ಸಾಮಾನ್ಯವಾಗಿ ಅದೇ ಅಂಟಿಕೊಳ್ಳುತ್ತದೆ, ಹಿಂದಿನದಲ್ಲ, ಎಂಬುದನ್ನು ಮರೆಯಬಾರದು.

ಮೂರನೆಯ ವಾರ: ಕಂಟ್ರೋಲ್ ಮತ್ತು ಬಲಬಾಣ ಅಥವಾ ಎಡಬಾಣ, ಒಂದೊಂದು ಪದವನ್ನು ದಾಟಿ ಹೋಗಲು, ಶಿಫ್ಟ್ ಮತ್ತು ಬಾಣ, ಬರಹದ ಭಾಗವನ್ನು ಆರಿಸಿಕೊಳ್ಳಲು. ಮೂರು ಕೀಲಿಗಳನ್ನೂ ಕೂಡಿಸಿದರೆ ಪದ ಪದವಾಗಿ ಆರಿಸಬಹುದು.

ನಾಲ್ಕನೆಯ ವಾರ: ಕಂಟ್ರೋಲ್ ಮತ್ತು ‘ಎಫ್’, ಪದವನ್ನು ಹುಡುಕಲು, ಆಲ್ಟ್ ಮತ್ತು ಟ್ಯಾಬ್, ತೆರೆದಿರುವ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು. ಕಂಪ್ಯೂಟರನ್ನು ಹಲವರು ಬಳಸುವ ಕಡೆಯಲ್ಲಿ ಎದ್ದುಹೋಗುವ ಮುನ್ನ ವಿಂಡೋಸ್ ಕೀಲಿ ಮತ್ತು ‘ಎಲ್’ ಒತ್ತಿದರೆ ಪರದೆಗೆ ಬೀಗ ಬೀಳುತ್ತದೆ.

ಒಂದು ತಿಂಗಳಲ್ಲಿ ಎಂಟು ಜೋಡಿಗಳಾದುವು. ದಿನನಿತ್ಯದ ಬರವಣಿಗೆಗೆ ಇಷ್ಟು ಬಹುಮಟ್ಟಿಗೆ ಸಾಕು. ಹೆಚ್ಚಿನವು ಬೇಕಾದರೆ ಮೌಸಿನಿಂದ ಪಟ್ಟಿಯನ್ನು ತೆರೆದಾಗ ಅನೇಕ ತಂತ್ರಾಂಶಗಳಲ್ಲಿ ಪ್ರತಿ ಸಾಲಿನ ಬಲಗಡೆಯಲ್ಲಿ ಅದರ ಜೋಡಿಯನ್ನು ಬರೆದಿರುವುದನ್ನು ಗಮನಿಸಿರಿ. ಬಂಡಿಯ ದಾರಿಯಲ್ಲಿಯೇ ಕಾಲುದಾರಿಯ ಕೈಮರವನ್ನು ನೆಟ್ಟಿದ್ದಾರೆ!

ಅಭ್ಯಾಸ

1. ಹತ್ತು ಸಾಲಿನ ಒಂದು ಬರಹವನ್ನು ತೆಗೆದುಕೊಂಡು, ಅದರ ಮೂರನೆಯ ಸಾಲನ್ನು ಕೊನೆಗೆ ಸಾಗಿಸಿರಿ. ಮೊದಲು ಮೌಸಿನಿಂದ, ಬಳಿಕ ಕೀಲಿಗಳಿಂದ ಮಾಡಿ, ಗೆಳೆಯನೊಬ್ಬನು ಗಡಿಯಾರ ನೋಡಿ ಎರಡು ಕಾಲಗಳನ್ನೂ ಬರೆದುಕೊಳ್ಳಲಿ. ಹತ್ತು ಸಲ ಮಾಡಿ ಸರಾಸರಿಯನ್ನು ಕಂಡುಹಿಡಿಯಿರಿ.

2. ‘ಐ’ ಅಕ್ಷರದ ಆಸ್ಕಿ ಸಂಖ್ಯೆ 73. ದೂರಮುದ್ರಕದಲ್ಲಿ ಕಂಟ್ರೋಲ್ ಮತ್ತು ‘ಐ’ ಒತ್ತಿದರೆ ಯಾವ ಸಂಖ್ಯೆ ಹೋಗುತ್ತಿತ್ತು? ಆ ಸಂಖ್ಯೆಯ ಆಜ್ಞೆಯು ಇಂದಿನ ಕೀಲಿಮಣೆಯ ಎಡಗಡೆಯಲ್ಲಿ ಸ್ವಂತ ಕೀಲಿಯನ್ನೇ ಪಡೆದಿದೆ, ಅದು ಯಾವುದು?

3. ಮೌಸನ್ನು ಒಂದು ಗಂಟೆಯ ಕಾಲ ಬದಿಗಿಟ್ಟು ನಿಮ್ಮ ಪಾಠದ ಟಿಪ್ಪಣಿಯನ್ನು ಬರೆಯಿರಿ. ಎಲ್ಲಿ ಕೈ ತಡೆಯಿತೋ ಅದನ್ನು ಗುರುತು ಹಾಕಿಕೊಳ್ಳಿರಿ. ನೀವು ಮುಂದೆ ಕಲಿಯಬೇಕಾದ ಜೋಡಿ ಅದೇ.